ಅರವತ್ತೆಂಟು ಕಿಲೋ ಬೆಲ್ಲ

ರಾಮದುರ್ಗದ ಪೇಟೆಯಲ್ಲಿ ಭಾರದ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ತ್ರ್ಯಂಬಕ. ಎಲ್ಲರಿಗಿಂತ ಕಡಿಮೆ ಭಾರ ಎತ್ತಿದವನೂ ಅವನೇ. ಹತ್ತಿಯ ಅಡತಿ ಅಂಗಡಿಯೊಂದರಲ್ಲಿ ಅವನು ತೂಕದ ಕಾರಕೂನ. ಹಮಾಲರು ಹತ್ತಿ ತುಂಬಿದ ಅಂಡಿಗೆಯನ್ನು ಬೆನ್ನ ಮೇಲೆ ತಂದು ತಕ್ಕಡಿಗೆ ಹಾಕುವರು, ಇವನು ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು ನೋಡಿ ಅಂಕಿ ಕೂಗುವನು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವನು ಎತ್ತಿದ ಅತಿ ಭಾರದ ವಸ್ತುವೆಂದರೆ ಅಂಗಡಿಯ ಗೋಡೆಗಡಿಯಾರ. ಅದನ್ನು ಇಳಿಸುವಾಗಲೂ ಯಾರಾದರೂ ಕೆಳಗೆ ಕೈ ಕೊಡಬೇಕಿತ್ತು. ವಯಸ್ಸು ಮೂವತ್ತಾರು, ಉದ್ದ ಕುತ್ತಿಗೆ, ತೋಳು ಅನ್ನಲು ಸಂಕೋಚವಾಗುವಂಥ ತೋಳು.

ಆದರೆ ತೂಕದ ವಿಷಯದಲ್ಲಿ ಅವನು ಯಾರಿಗೂ ಬಗ್ಗುವವನಲ್ಲ. ಬೈಲಹೊಂಗಲದ ಕಡೆಯಿಂದ ಬರುವ ರೈತರು ಕೆಲವು ಸಲ ಹದಿನೈದು ದಿನದ ಹಿಂದೆ ಬೇರೆಲ್ಲೋ ತೂಗಿಸಿದ ಚೀಟಿ ತೋರಿಸಿ, ಇದನ್ನೇ ಹಿಡಿಯಿರಿ ಎಂದು ಗಂಟುಬೀಳುತ್ತಿದ್ದರು. ತ್ರ್ಯಂಬಕ ಆ ಚೀಟಿಯನ್ನು ಕೈಯಲ್ಲಿ ಹಿಡಿಯುತ್ತಲೂ ಇರಲಿಲ್ಲ.

"ಹಳೇ ತೂಕ ನಡ್ಯೂದಿಲ್ರಿ. ಹತ್ತಿ ಒಣಗತದ, ಇಳೀತದ. ಇವತ್ತಿಂದು ಇವತ್ತ ತೂಗಬೇಕು. ತಕ್ಕಡಿ ಮ್ಯಾಲ ಇಡ್ರಿ."

ಈ ಮಾತನ್ನು ಸುಗ್ಗಿಯಲ್ಲಿ ಅವನು ದಿನಕ್ಕೆ ಹತ್ತು ಸಲವಾದರೂ ಆಡುತ್ತಿದ್ದ. ಓದುವವರು ಇದನ್ನು ನೆನಪಿನಲ್ಲಿಡಬೇಕು, ಏಕೆಂದರೆ ಬೇಕಾದ ಹೊತ್ತಿನಲ್ಲಿ ಅವನೇ ಮರೆತುಬಿಟ್ಟ.

ಅವನ ತಂದೆ ದಿಗಂಬರಭಟ್ಟರು ಬೇರೆಯೇ ಅಳತೆಯ ಮನುಷ್ಯ. ಸಾಲಹಳ್ಳಿಯಿಂದ ಚಚಡಿಯವರೆಗೆ ಮದುವೆ, ಮುಂಜಿ, ಗೃಹಪ್ರವೇಶ ಯಾವುದಿದ್ದರೂ ಭಟ್ಟರೇ ಬರಬೇಕು. ಅಗಲ ಎದೆ, ಗುಡಿಯ ಗಂಟೆಯಂಥ ದನಿ, ಊಟಕ್ಕೆ ಕುಳಿತರೆ ಬಡಿಸುವವರೇ ಸೋಲಬೇಕು. ಅವರಿಗೆ ಎಪ್ಪತ್ತು ತುಂಬಿದ ವರ್ಷ ಶಿಷ್ಯಮನೆತನದವರೆಲ್ಲ ಸೇರಿ ಮಠದ ಅಂಗಳದಲ್ಲಿ ಬೆಲ್ಲದ ತುಲಾಭಾರ ಮಾಡಿಸಿದರು. ತಕ್ಕಡಿಯ ಒಂದು ಪರಡಿಯಲ್ಲಿ ಭಟ್ಟರು ಪದ್ಮಾಸನ ಹಾಕಿ ಕುಳಿತರು, ಇನ್ನೊಂದರಲ್ಲಿ ಬೆಲ್ಲದ ಪೆಂಟೆಗಳು ಏರಿದವು. ತೂಗಿದವನು ತ್ರ್ಯಂಬಕನೇ. ಅರವತ್ತೆಂಟು ಕಿಲೋ. ಅಂಗಡಿಯಲ್ಲಿ ಕೂಗುವ ದನಿಯಲ್ಲೇ ಅವನು ಅದನ್ನು ಕೂಗಿದ, ಜನ ಚಪ್ಪಾಳೆ ತಟ್ಟಿದರು. ಆ ಬೆಲ್ಲ ಊರಿಗೆಲ್ಲ ಪ್ರಸಾದವಾಗಿ ಹಂಚಿಹೋಯಿತು, ಅಂಕಿ ಮಾತ್ರ ತ್ರ್ಯಂಬಕನ ತಲೆಯಲ್ಲಿ ಉಳಿಯಿತು.

ಅದಾಗಿ ಎರಡು ವರ್ಷಕ್ಕೆ, ಸಾವಿರದ ಒಂಬೈನೂರ ಎಪ್ಪತ್ತೈದರ ಶ್ರಾವಣದಲ್ಲಿ, ಭಟ್ಟರು ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು ಬಿರಿದಿತ್ತು. ಡಾಕ್ಟರು ಬಂದು ನೋಡಿ, ದಸರೆಯ ತನಕ ಅಲುಗಿಸಕೂಡದು, ಆಮೇಲೆ ಎತ್ತಿ ಕೂಡಿಸಬಹುದು, ನಡಿಗೆಯ ಆಸೆ ಮಾತ್ರ ಬಿಡಿ ಎಂದರು. ಎತ್ತುವುದಕ್ಕೂ ಒಂದು ಷರತ್ತು ಹಾಕಿದರು. ಒಬ್ಬರು ತಲೆ, ಒಬ್ಬರು ಕಾಲು ಹಿಡಿದರೆ ನಡುವೆ ಸೊಂಟ ಜೋಲುತ್ತದೆ, ಹಾಗೆ ಮಾಡಬೇಡಿ; ಮಲಗಿದ ಮಗುವನ್ನು ಎತ್ತುವಂತೆ ಒಬ್ಬರೇ ಎರಡೂ ತೋಳಲ್ಲಿ ಎತ್ತಬೇಕು. ಇಷ್ಟು ಹೇಳಿ ಅವರು ತ್ರ್ಯಂಬಕನ ತೋಳನ್ನು ಒಮ್ಮೆ ನೋಡಿ ಚೀಲ ಹೆಗಲಿಗೇರಿಸಿಕೊಂಡು ಹೋದರು.

ಎಲುಬಿನ ಕಥೆ ಹಾಗಿರಲಿ, ಮನೆಯವರನ್ನು ಅದಕ್ಕಿಂತ ಹಣ್ಣು ಮಾಡಿದ್ದು ಭಟ್ಟರ ಹಟ. ಐವತ್ತು ವರ್ಷ ಅವರು ಸ್ನಾನ, ಸಂಧ್ಯಾವಂದನೆ, ದೇವರ ಪೂಜೆ ಮುಗಿಸದೆ ಬಾಯಿಗೆ ಅನ್ನ ಇಟ್ಟವರಲ್ಲ. ಈಗ ಸ್ನಾನವಿಲ್ಲ. ಸೊಸೆ ನರ್ಮದಾ ಬಿಸಿನೀರಿನಲ್ಲಿ ಅರಿವೆ ಅದ್ದಿ ಕೊಟ್ಟರೆ ತ್ರ್ಯಂಬಕ ಮೈ ಒರೆಸುತ್ತಿದ್ದ.

"ಒರಸಿದ್ದಕ್ಕ ಸ್ನಾನ ಅಂತಾರೇನೋ? ಪಾತ್ರಿ ಒರಸಿಧಾಂಗ ಆತು," ಎಂದರು ಭಟ್ಟರು. "ತಲಿ ಮ್ಯಾಲ ನೀರು ಬೀಳಬೇಕು. ಅಲ್ಲೀ ತನಕಾ ನನಗ ಹಾಲು, ಹಣ್ಣು, ನೆನಿಸಿದ ಅವಲಕ್ಕಿ. ಅನ್ನದ ಮಾತು ತಗೀಬ್ಯಾಡ್ರಿ."

"ಅಪ್ಪಾ, ಜಡ್ಡು ಇದ್ದವರಿಗೆ ಶಾಸ್ತ್ರದಾಗ ಮಾಫಿ ಅದ ಅಂತ ನೀವೇ ಹೇಳ್ತಿದ್ರಿ."

"ಮಂದಿಗೆ ಹೇಳ್ತಿದ್ದೆ."

ಅಲ್ಲಿಗೆ ಮಾತು ಮುಗಿಯಿತು. ಊರಿಗೆಲ್ಲ ಧಾರಾಳವಾಗಿ ರಿಯಾಯಿತಿ ಹಂಚಿದ ಮನುಷ್ಯ ತನ್ನ ಪಾಲಿಗೆ ಒಂದು ಚೂರನ್ನೂ ಇಟ್ಟುಕೊಂಡಿರಲಿಲ್ಲ. ಇಂಥ ಹಟಕ್ಕೆ ಕೈ ಮುಗಿಯಬೇಕೋ ಬೈಯಬೇಕೋ ನನಗೆ ಇಂದಿಗೂ ತಿಳಿದಿಲ್ಲ. ನರ್ಮದಾ ಮಾತ್ರ ಅಡುಗೆಮನೆಯಲ್ಲಿ ಮನಸಾರೆ ಬೈದಳು.

ಮಲಗಿದಲ್ಲೇ ನೀರು ಹಾಕೋಣವೆಂದರೆ ನೆಲ ಮಣ್ಣಿನದು. ಅವರದು ಹಳೆಯ ವಾಡೆಯೊಂದರ ಹಿಂಭಾಗದಲ್ಲಿದ್ದ ಬಾಡಿಗೆ ಮನೆ. ಭಟ್ಟರ ಹಾಸಿಗೆ ನಡುಮನೆಯಲ್ಲಿ. ಅಲ್ಲಿಂದ ಬಚ್ಚಲಿಗೆ ಒಂದು ಸಂದಿ, ಎರಡು ಮೊಳಕ್ಕೂ ಕಡಿಮೆ ಅಗಲ, ಕೊನೆಗೆ ಎರಡು ಕಲ್ಲಿನ ಮೆಟ್ಟಿಲು. ಮಂಚ ಹೋಗದು, ಕುರ್ಚಿ ತಿರುಗದು. ಎತ್ತುವವನು ಮನೆಯವನಾಗಿರಬೇಕು, ಸ್ನಾನ ಮಾಡಿ ಒದ್ದೆ ಪಂಚೆ ಉಟ್ಟು ಮಡಿಯಲ್ಲಿರಬೇಕು, ದಿನವೂ ಸಿಗಬೇಕು. ನೆಂಟರಿದ್ದದ್ದು ಸವದತ್ತಿ, ಕಿತ್ತೂರುಗಳಲ್ಲಿ. ಸುತ್ತಿ ಬಳಸಿ ಎಲ್ಲ ಲೆಕ್ಕವೂ ತ್ರ್ಯಂಬಕನ ಎರಡು ಸಣಕಲ ತೋಳಿಗೇ ಬಂದು ನಿಂತಿತು.

ಅವನು ಇದನ್ನು ಹೇಳಿಕೊಂಡದ್ದು ಹುಸೇನಪೀರನ ಮುಂದೆ. ಹುಸೇನಪೀರ ಅಂಗಡಿಯ ಹಿರಿಯ ಹಮಾಲ, ಐವತ್ತು ದಾಟಿದ್ದ. ಹರೆಯದಲ್ಲಿ ತಾಲೀಮಿನಲ್ಲಿ, ಅಂದರೆ ಊರ ಗರಡಿಮನೆಯಲ್ಲಿ, ಕುಸ್ತಿ ಆಡಿದವನು, ಈಗಲೂ ನೂರು ಕಿಲೋ ಚೀಲವನ್ನು ಮಾತಾಡುತ್ತಾ ಹೊರುವವನು.

"ಅಷ್ಟ ಹೌದಲ್ರಿ? ನಾ ಬಂದು ಎತ್ತೇನಿ. ಎರಡು ಮಿನಿಟಿನ ಕೆಲಸ ಐತಿ," ಎಂದ ಹುಸೇನಪೀರ. ತ್ರ್ಯಂಬಕ ನೆಲ ನೋಡುತ್ತಾ ನಿಂತ. ಹುಸೇನಪೀರನಿಗೆ ತಾನೇ ಹೊಳೆಯಿತು. "ಹೌದ್ ಬಿಡ್ರಿ, ಭಟ್ಟರದು ಮಡಿ ಇರತೈತಿ. ಹಂಗಾರ ನೀವ ತಯಾರಾಗ್ರಿ ಸಾಹೇಬ್ರ. ನಾ ಹೇಳಿಕೊಡತೇನಿ."

ಅವನು ಅದನ್ನು ಬೇಸರವಿಲ್ಲದೆ ಹೇಳಿದ. ತ್ರ್ಯಂಬಕನಿಗೆ ಮಾತ್ರ ಮುಖ ಎತ್ತಲಾಗಲಿಲ್ಲ, ನಾಚಿಕೆಯಾಯಿತು. ಆ ನಾಚಿಕೆ ಮುಂದೆ ಬಹಳ ವರ್ಷ ಅವನ ಜೊತೆಗೇ ಇತ್ತು.

ಗಣೇಶ ಚೌತಿಯ ಮರುದಿನ ಕಸರತ್ತು ಶುರುವಾಯಿತು. ತಾಲೀಮಿಗೆ ಹೋಗಲು ಅವನಿಗೆ ಮುಜುಗರ, ಅಲ್ಲಿ ಎಲ್ಲರೂ ಇಪ್ಪತ್ತರ ಒಳಗಿನವರು. ಮನೆಯ ಪಡಸಾಲೆಯಲ್ಲಿ ಸೈಕಲ್ಲು, ಟ್ರಂಕು, ಜೋಳದ ಚೀಲ ಇಟ್ಟು ಉಳಿದ ಜಾಗ ಐದು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಮೇಲೆ ಅಟ್ಟ, ಕೈ ಎತ್ತಿದರೆ ತೊಲೆ ತಾಗುತ್ತಿತ್ತು. ಹುಸೇನಪೀರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹೊರಗಿನ ಕಟ್ಟೆಯ ಮೇಲೆ ಕುಳಿತು ಬಾಗಿಲೊಳಗಿಂದ ನೋಡಿದ.

"ಇಷ್ಟ ಜಾಗಾ ಸಾಕು. ತಾಲೀಮಿನ್ಯಾಗೂ ಒಬ್ಬೊಬ್ಬಗ ಇಷ್ಟ ಸಿಗತೈತಿ. ಮದಲ ಇಪ್ಪತ್ತು ಬೈಠಕ್ ಹೊಡೀರಿ ನೋಡೂಣು."

ತ್ರ್ಯಂಬಕ ಒಂಬತ್ತನೆಯ ಬೈಠಕ್‌ಗೆ ಕುಳಿತವನು ಏಳಲಿಲ್ಲ. ಟ್ರಂಕನ್ನು ಹಿಡಿದು ಎದ್ದ. ಮರುದಿನ ಅಂಗಡಿಯ ಮೆಟ್ಟಿಲನ್ನು ಅಡ್ಡಡ್ಡಲಾಗಿ ಹತ್ತಿದ್ದನ್ನು ಕಂಡು ಹಮಾಲರೆಲ್ಲ ನಕ್ಕರು. ಹುಸೇನಪೀರ ಮಾತ್ರ ನಗದೆ, "ನಾಳೆ ಹತ್ತು ಹೊಡೀರಿ," ಎಂದ.

ಎತ್ತುವುದಕ್ಕೆ ಏನು? ತಾಲೀಮಿನಲ್ಲಿ ಗುಂಡುಕಲ್ಲು ಇದ್ದವು. ಆದರೆ ಕಲ್ಲು ಮನುಷ್ಯನಂತಲ್ಲ, ಅದು ಜೋಲುವುದಿಲ್ಲ, ಅಲುಗುವುದಿಲ್ಲ ಎಂದು ಹುಸೇನಪೀರನೇ ಬೇಡವೆಂದ. ಗೋಣಿಚೀಲದಲ್ಲಿ ಉಸುಕು ತುಂಬಿ, ಪೂರ್ತಿ ಬಿಗಿಯದೆ, ಸ್ವಲ್ಪ ಸಡಿಲು ಬಿಟ್ಟು ಬಾಯಿ ಹೊಲಿಯಲು ಹೇಳಿದ. ಮಲಪ್ರಭೆಯಲ್ಲಿ ಉಸುಕಿಗೆ ಬರವಿರಲಿಲ್ಲ, ಚೀಲ ಕಿರಾಣಿ ಅಂಗಡಿಯವರು ಕೊಟ್ಟರು. ಹೊಲಿಗೆಯ ಸಂದಿಯಿಂದ ಉಸುಕು ಸೋರುತ್ತದೆಂದು ನರ್ಮದಾ ಹಳೆಯ ಪಂಚೆಯನ್ನು ಒಳಗೆ ಅಸ್ತರ ಕೊಟ್ಟಳು. ಖುರಾಕಿಗೆ ನೆನೆಸಿದ ಕಡಲೆ, ಒಂದು ಹಿಡಿ ಶೇಂಗಾ, ಅದಕ್ಕೊಂದು ಬೆಲ್ಲದ ತುಂಡು. ಹುಸೇನಪೀರ ತತ್ತಿಯ ಮಾತು ತೆಗೆಯಲು ಹೋಗಿ ತಾನೇ ನಾಲಿಗೆ ಕಚ್ಚಿಕೊಂಡು ತುಪ್ಪಕ್ಕೆ ತಿರುಗಿಸಿದ.

ಮೊದಲ ಚೀಲ ಇಪ್ಪತ್ತೆರಡು ಕಿಲೋ. ಅಂಗಡಿಯ ತಕ್ಕಡಿಯಲ್ಲಿಟ್ಟು, ಮುಳ್ಳು ನಿಲ್ಲುವ ತನಕ ಕಾದು ತೂಗಿದ್ದು. ಪ್ರತಿ ಸೋಮವಾರ ಹೊಲಿಗೆ ಬಿಚ್ಚಿ ಉಸುಕು ಹೆಚ್ಚಿಸುವುದು, ಮೊದಮೊದಲು ನಾಲ್ಕು ಕಿಲೋ, ಆಮೇಲೆ ಎರಡು. ಮುಟ್ಟಬೇಕಾದ ಅಂಕಿ ಅರವತ್ತೆಂಟು. ಅದು ಎಲ್ಲಿಂದ ಬಂತೆಂದು ಕೇಳುವ ಅಗತ್ಯವೇ ಇರಲಿಲ್ಲ, ಅವನೇ ತೂಗಿದ ತೂಕ.

"ನಡಾ ಬಗ್ಗಿಸಿ ಎತ್ತಬ್ಯಾಡ್ರಿ, ನಾಳೆ ನೀವೂ ಭಟ್ಟರ ಬಾಜೂಕ ಮಲಗತೀರಿ," ಎಂದು ಕಟ್ಟೆಯಿಂದ ಹುಸೇನಪೀರ ಕೂಗುವನು. "ಕುಂತ ಎತ್ರಿ. ತೊಡಿ ಎತ್ತಬೇಕು, ಕೈ ಬರೇ ಹಿಡೀಬೇಕು. ಎದಿಗೆ ಹಚ್ಚಿಕೋರಿ. ಇನ್ನೂ ಹತ್ರ. ಈಗ ಅಡ್ಡ ಹೆಜ್ಜಿ ಇಡ್ರಿ, ನಿಮ್ಮ ಸಂದಿಯೊಳಗ ಸೀದಾ ಹೋಗಾಕ ಬರೂದಿಲ್ಲ."

ಒಳಗಿನಿಂದ ಇನ್ನೊಬ್ಬ ಉಸ್ತಾದರು ಹುಟ್ಟಿಕೊಂಡರು. ಭಟ್ಟರಿಗೆ ನಡುಮನೆಯಲ್ಲಿ ಬೇರೆ ಕೆಲಸವಿರಲಿಲ್ಲ. ಮಗ ಬೈಠಕ್ ಹೊಡೆಯುವಾಗ ಬರುವ ಉಸಿರಿನ ಸದ್ದನ್ನು ಕೇಳುತ್ತಾ ಬೆರಳ ಗೆಣ್ಣಿನ ಮೇಲೆ ಜಪದಂತೆ ಎಣಿಸತೊಡಗಿದರು.

"ಮೂವತ್ತೊಂದು... ಮೂವತ್ತೆರಡು... ಅದು ಪೂರ್ತಿ ಕುಂತಿಲ್ಲ, ಲೆಕ್ಕಕ್ಕಿಲ್ಲ. ಮೂವತ್ತೆರಡು!"

"ಮಲಕೊಂಡಾವರಿಗೆ ಹೆಂಗ ಕಾಣಸ್ತದಪಾ," ಎಂದು ತ್ರ್ಯಂಬಕ ಗೊಣಗಿದರೆ, ಕಟ್ಟೆಯ ಮೇಲೆ ಹುಸೇನಪೀರ ಬಿದ್ದು ಬಿದ್ದು ನಗುತ್ತಿದ್ದ. ಭಟ್ಟರೂ ಹುಸೇನಪೀರನೂ ಒಬ್ಬರ ಮುಖ ಒಬ್ಬರು ನೋಡದೆ, ಒಂದು ಗೋಡೆಯ ಆಚೀಚೆಯಿಂದ, ಒಬ್ಬನೇ ಮನುಷ್ಯನನ್ನು ದುಡಿಸಿದರು. ಆ ಮನೆಯಲ್ಲಿ ಅಷ್ಟು ನಗು ಬಹಳ ದಿನದಿಂದ ಇರಲಿಲ್ಲ.

ದಸರೆ ಬಂತು. ಡಾಕ್ಟರು ನೋಡಿ, ಇನ್ನು ಎತ್ತಬಹುದು ಎಂದರು. ತ್ರ್ಯಂಬಕನ ಬೈಠಕ್ ಎಪ್ಪತ್ತಕ್ಕೆ ಏರಿತ್ತು. ಅಂಗಿಯ ತೋಳು ಮೊದಲ ಬಾರಿಗೆ ಬಿಗಿಯಾಗಿ, ನರ್ಮದಾ ಹೊಲಿಗೆ ಬಿಚ್ಚಿ ಕೊಟ್ಟಳು. ಅವನಿಗೆ ಒಳಗೊಳಗೇ ಖುಷಿ. ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಹೊಸ್ತಿಲು ದಾಟಿಸುವಾಗ ಬೇಕೆಂದೇ ನಿಧಾನ ಮಾಡುತ್ತಿದ್ದ.

ಭಟ್ಟರು ಮಾತ್ರ ಇಳಿಯುತ್ತಿದ್ದರು. ಹೊದಿಕೆಯ ಕೆಳಗೆ ಅದು ಕಾಣುತ್ತಿರಲಿಲ್ಲ. ಮುಖ ದೊಡ್ಡದು, ದನಿ ದೊಡ್ಡದು, ಎಣಿಕೆ ಗಟ್ಟಿ. ಮೈ ಒರೆಸುವಾಗ ತ್ರ್ಯಂಬಕ ಎಲ್ಲವನ್ನೂ ಕಾಣುತ್ತಿದ್ದ, ಪಕ್ಕೆಲುಬು ಎದ್ದದ್ದನ್ನೂ ಕಂಡಿದ್ದ. ಕಂಡು ಮರುಕ ಪಟ್ಟನೇ ಹೊರತು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದೀಪಾವಳಿಯ ಎಣ್ಣೆ ನೀರಿನ ಹಿಂದಿನ ದಿನ, ನರ್ಮದಾ ಹಂಡೆ ತಿಕ್ಕುತ್ತಿದ್ದ ಸದ್ದು ಕೇಳಿ ಭಟ್ಟರು ಮಗನನ್ನು ಕರೆದರು. ಏನನ್ನೂ ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಗೋಡೆಯ ಕಡೆ ನೋಡುತ್ತಾ ಕೇಳಿದರು.

"ತ್ರ್ಯಂಬಕಾ, ಇವತ್ತ ನೀರು ತುಂಬೂದು, ನಾಳೆ ಎಣ್ಣಿ ನೀರು ಹೌದಲ್ಲೋ? ಎಣ್ಣಿ ಹಚ್ಚಿಸಿಕೊಳ್ಳದ ದೀಪಾವಳಿ ನನ್ನ ಆಯುಷ್ಯದಾಗ ಇಲ್ಲ. ಎತ್ತಲಿಕ್ಕೆ ಆಗತದೇನು?"

ಚೀಲ ಆಗ ನಲವತ್ತಾರರಲ್ಲಿತ್ತು.

"ಇನ್ನ ಇಪ್ಪತ್ತೆರಡು ಕಿಲೋ ಬಾಕಿ ಅದ ಅಪ್ಪಾ. ಸಂಕ್ರಾಂತಿಗೆ ಮುಟ್ಟತೇನಿ."

"ಆತು," ಎಂದರು ಭಟ್ಟರು. ಎರಡನೆಯ ಸಲ ಕೇಳಲಿಲ್ಲ.

ನರ್ಮದಾ ಬಿಡುವವಳಲ್ಲ. ಹುಣಸೆಹಣ್ಣಿನ ಕೈಯಲ್ಲೇ ಬಂದು ಗಂಡನನ್ನು ಪಡಸಾಲೆಗೆ ಕರೆದಳು. "ಒಮ್ಮೆ ಎತ್ತಿ ನೋಡ್ರಿ. ಮಾವನವರು ಮೊದಲಿನ್ಹಾಂಗ ಉಳದಿಲ್ಲ. ಹಾಸಿಗಿ ಬದಲಸೂ ಮುಂದ ನನಗ ಗೊತ್ತಾಗ್ತದ."

"ಎತ್ತಿ ನೋಡ್ಲಿಕ್ಕೆ ಅದೇನು ಕುಂಬಳಕಾಯೇನ? ಸಂದಿಯೊಳಗ ಕೈ ಸೋತ್ರ? ಮತ್ತ ಬಿದ್ರ ಅವರು ಏಳೂದಿಲ್ಲ ನರ್ಮದಾ. ಅರವತ್ತೆಂಟು ಅಂದ್ರ ಅರವತ್ತೆಂಟು."

ಅವನು ಹೆದರಿದ್ದ, ಅದೇ ನಿಜ. ಬಿದ್ದರೆ ಎಂಬ ಭಯ ಸುಳ್ಳಿನದಲ್ಲ. ಆದರೆ ಹೆದರಿದ್ದೇನೆ ಎಂದು ಹೇಳುವ ಬದಲು ಅಂಕಿ ಹೇಳಿದ, ಹೇಳುತ್ತಾ ಹೇಳುತ್ತಾ ತಾನೂ ನಂಬಿದ. ಮರುದಿನ ಬೆಳಿಗ್ಗೆ ಮಗನಿಗೆ ಎಣ್ಣೆ ಹಚ್ಚಿ ಆರತಿ ಮಾಡುವುದನ್ನು ಭಟ್ಟರು ಮಲಗಿದಲ್ಲಿಂದ ನೋಡಿದರು. ನರ್ಮದಾ ಮಾವನ ನೆತ್ತಿಗೂ ಒಂದು ಬೊಟ್ಟು ಎಣ್ಣೆ ಮುಟ್ಟಿಸಿದಳು. ಅವರು ಕಣ್ಣು ಮುಚ್ಚಿಕೊಂಡು ಮುಟ್ಟಿಸಿಕೊಂಡರು, ಕರಿಗಡಬು ಮುಟ್ಟಲಿಲ್ಲ.

ಕಾರ್ತಿಕ ಕಳೆಯಿತು. ಹತ್ತಿಯ ಸುಗ್ಗಿ ಜೋರಾಗಿ, ತ್ರ್ಯಂಬಕ ದಿನವಿಡೀ ತಕ್ಕಡಿಯ ಮುಂದೆ ನಿಂತು ಹಳೇ ಚೀಟಿ ತಂದವರೊಡನೆ ಜಗಳಾಡಿದ. ಚೀಲ ಐವತ್ತನ್ನು ದಾಟಿತು, ಅರವತ್ತಕ್ಕೆ ಬಂತು. ಆಗ ಒಂದು ಬೆಳಿಗ್ಗೆ ಹುಸೇನಪೀರನಿಗೆ ಏನೋ ಹೊಳೆದು ಕೇಳಿದ.

"ಸಾಹೇಬ್ರ, ಆ ದಿನಾ ಏನ್ ಉಟ್ಟಿರತೀರಿ?"

"ಒದ್ದಿ ಪಂಚಿ. ಮಡಿ ಅಲ್ಲಾ?"

"ಮತ್ತ ಇಷ್ಟ ದಿನಾ ಒಣಾ ಚಡ್ಡಿ ಮ್ಯಾಲ ಎತ್ತಾಕ ಹತ್ತೀರಿ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತ್ರ್ಯಂಬಕ ಬಚ್ಚಲಿಗೆ ಹೋಗಿ ಪಂಚೆ ಹಿಂಡಿ ಉಟ್ಟು ಬಂದು ಚೀಲದ ಮುಂದೆ ಕುಳಿತ. ಒದ್ದೆ ಬಟ್ಟೆ ತೊಡೆಗೆ ಅಂಟಿ, ಮೊಳಕಾಲು ಪೂರ್ತಿ ಮಡಿಚಲೇ ಇಲ್ಲ. ಹೇಗೋ ಎದ್ದ. ಮೂರನೆಯ ಹೆಜ್ಜೆಗೆ ಪಂಚೆಯಿಂದ ಇಳಿದ ನೀರಿನಲ್ಲೇ ಕಾಲು ಜಾರಿ ಚೀಲ ಧೊಪ್ಪೆಂದು ಬಿತ್ತು, ಹೊಲಿಗೆ ಹರಿಯಿತು, ಅರವತ್ತು ಕಿಲೋ ಉಸುಕು ಸಾರಿಸಿದ ಪಡಸಾಲೆಯ ತುಂಬ ಹರಡಿತು. ನರ್ಮದಾ ಪೊರಕೆ ಹಿಡಿದು ಬಂದು ನಿಂತದ್ದನ್ನು ಕಂಡು ಹುಸೇನಪೀರ, "ನನಗ ಹೊತ್ತಾತ್ರಿ," ಎಂದು ಕಟ್ಟೆ ಇಳಿದೇಬಿಟ್ಟ.

"ಅದು ನಾ ಅಲ್ಲಲ್ಲ?" ಎಂದು ಒಳಗಿನಿಂದ ಭಟ್ಟರ ದನಿ ಬಂತು.

ಅಂದಿನಿಂದ ದಿನವೂ ಒದ್ದೆ ಪಂಚೆಯಲ್ಲೇ ಅಭ್ಯಾಸ. ಕಚ್ಚೆಯನ್ನು ಮೇಲಕ್ಕೆ ಸೆಳೆದು ಕಟ್ಟುವುದನ್ನು ಕಲಿತ, ಅಂಗಾಲಿಗೆ ಬೂದಿ ತಿಕ್ಕಿಕೊಳ್ಳುವುದನ್ನು ಕಲಿತ. ಸಂದಿಯಲ್ಲಿ ಚೀಲ ಎದೆಗವಚಿ ಹೋಗಿ ಬಂದು ಹದಿನೈದು ಹೆಜ್ಜೆಯನ್ನೂ ಎರಡು ಮೆಟ್ಟಿಲನ್ನೂ ಕಾಲಿಗೆ ಪಾಠ ಮಾಡಿಸಿದ. ಸಂಕ್ರಾಂತಿಯ ಹಿಂದಿನ ದಿನ ಚೀಲ ಅಂಗಡಿಯ ತಕ್ಕಡಿಯಲ್ಲಿ ಸರಿಯಾಗಿ ಅರವತ್ತೆಂಟು ತೂಗಿತು. ಹಮಾಲರೆಲ್ಲ ಸುತ್ತ ನಿಂತಿದ್ದರು. ತ್ರ್ಯಂಬಕ ಅದನ್ನು ನೆಲದಿಂದ ಎದೆಗೆತ್ತಿಕೊಂಡು ಅಂಗಡಿಯ ಉದ್ದಕ್ಕೂ ಅಡ್ಡ ಹೆಜ್ಜೆಯಲ್ಲಿ ಹೋಗಿ ಬಂದು ಇಳಿಸಿದ. ಹಿಂದೆ ನಕ್ಕವರೇ ಈ ಸಲ ಸಿಳ್ಳು ಹಾಕಿದರು. ಹುಸೇನಪೀರ ತನ್ನ ತಲೆಯ ರುಮಾಲು ಬಿಚ್ಚಿ ಅವನ ಹೆಗಲ ಮೇಲೆ ಹೊದಿಸಿದ, ಕುಸ್ತಿ ಗೆದ್ದವರಿಗೆ ಹೊದಿಸುವ ಹಾಗೆ.

ಸಂಕ್ರಾಂತಿಯ ಬೆಳಿಗ್ಗೆ ನರ್ಮದಾ ಎಳ್ಳು ಅರೆದಿಟ್ಟಳು, ಹಂಡೆಯಲ್ಲಿ ನೀರು ಕಾಯಿತು. ಬಚ್ಚಲಲ್ಲಿ ಒರಗಿ ಕೂಡಲು ಬೆನ್ನಿನ ಮಣೆ ಸಿದ್ಧವಾಗಿತ್ತು. ತ್ರ್ಯಂಬಕ ಸ್ನಾನ ಮಾಡಿ, ಒದ್ದೆ ಪಂಚೆ ಉಟ್ಟು, ಅಂಗಾಲಿಗೆ ಬೂದಿ ತಿಕ್ಕಿಕೊಂಡು ನಡುಮನೆಗೆ ಬಂದ. ಭಟ್ಟರು ಹೊದಿಕೆ ಸರಿ ಮಾಡಿಕೊಂಡು ಕಾಯುತ್ತಿದ್ದರು.

"ನಡಾ ಬಗ್ಗಿಸಬ್ಯಾಡ," ಎಂದು ಅವರೇ ನೆನಪಿಸಿದರು. ಕಟ್ಟೆಯ ಪಾಠವೆಲ್ಲ ಅವರಿಗೂ ಬಾಯಿಪಾಠವಾಗಿತ್ತು.

ತ್ರ್ಯಂಬಕ ಕುಳಿತ. ಒಂದು ತೋಳು ಬೆನ್ನ ಕೆಳಗೆ, ಒಂದು ತೊಡೆಯ ಕೆಳಗೆ. ಎದೆಗೆ ಹಚ್ಚಿಕೊಂಡು, ಉಸಿರು ಬಿಗಿಹಿಡಿದು, ಅರವತ್ತೆಂಟು ಕಿಲೋ ಎತ್ತುವ ಬಲ ಹಾಕಿ ಎದ್ದ.

ಎದ್ದ ರಭಸಕ್ಕೆ ಹಿಂದಕ್ಕೆ ಒಂದು ಹೆಜ್ಜೆ ತೂರಾಡಿ ಗೋಡೆಗೆ ಬೆನ್ನು ಕೊಟ್ಟು ನಿಂತ. ನರ್ಮದಾ ಚೀರಿದಳು. ಅವನು ಬೀಳಲಿಲ್ಲ. ತೋಳಲ್ಲಿ ಇರಬೇಕಾದದ್ದು ಇರಲಿಲ್ಲ, ಅಷ್ಟೇ. ನಾಲ್ಕು ತಿಂಗಳು ವಾರ ವಾರಕ್ಕೂ ಒಂದೊಂದು ತೂಕವನ್ನು ಅಪ್ಪಿ ನಡೆದ ತೋಳು ಅವು, ಅವಕ್ಕೆ ತಕ್ಕಡಿ ಬೇಕಿರಲಿಲ್ಲ. ಗೋಡೆಗೆ ಒರಗಿ ನಿಂತ ಆ ಒಂದು ಕ್ಷಣದಲ್ಲೇ ಗುರುತು ಹಿಡಿದವು. ಇದು ನಲವತ್ತಾರು. ಇದು ದೀಪಾವಳಿಯ ಚೀಲ.

ಅಡ್ಡ ಹೆಜ್ಜೆ ಇಡುತ್ತಾ ಸಂದಿ ದಾಟಿದ. ಹದಿನೈದು ಹೆಜ್ಜೆ, ಎರಡು ಮೆಟ್ಟಿಲು. ಕಾಲು ಎಲ್ಲೂ ತಪ್ಪಲಿಲ್ಲ. ತಂದೆಯನ್ನು ಮಣೆಗೆ ಒರಗಿಸಿ ಕೂಡಿಸಿ, ತಂಬಿಗೆ ತುಂಬಿ ತಲೆಯ ಮೇಲೆ ಸುರಿದ. ನೀರು ಇಳಿದಲ್ಲೆಲ್ಲ ಎಲುಬು ಎದ್ದು ಕಂಡವು. ಭಟ್ಟರು ನದಿಗಳ ಹೆಸರು ಹೇಳುತ್ತಾ, ಕೊನೆಗೆ ಮಲಪ್ರಭೆಯನ್ನೂ ಸೇರಿಸಿ, ಎರಡೂ ಅಂಗೈಯಿಂದ ಮುಖ ಒರೆಸಿಕೊಂಡು ಕಣ್ಣು ತೆರೆದರು. ತ್ರ್ಯಂಬಕ ತಂಬಿಗೆ ಹಿಡಿದು ಬಿಕ್ಕುತ್ತಿದ್ದ.

"ಯಾಕೋ? ಭಾರ ಆದೆನೇನು?"

"ಭಾರ ಆಗ್ಲಿಲ್ಲಪಾ. ಅದಕ್ಕ."

ತ್ರ್ಯಂಬಕ ಹಂಡೆಯ ಕಡೆ ತಿರುಗಿ ಹೇಳಿದ.

"ದೀಪಾವಳಿಗೇ ಎತ್ತಬಹುದಿತ್ತು. ಆವಾಗ ಒಂದೆರಡು ಕಿಲೋ ಹೆಚ್ಚಿದ್ರೂ ಎತ್ತತಿದ್ದೆ. ನಾ ಆ ಬೆಲ್ಲದ ತೂಕಾ ಹಿಡಕೊಂಡು ಕೂತೆ. ಪೇಟ್ಯಾಗ ದಿನಾ ಮಂದಿಗೆ ಹೇಳ್ತೇನಿ, ಹಳೇ ತೂಕ ನಡ್ಯೂದಿಲ್ಲ ಅಂತ. ನಿಮ್ಮನ್ನ ಎರಡು ವರ್ಷದ ಹಿಂದಿನ ತೂಕದ ಮ್ಯಾಲ ಉಪವಾಸ ಕೆಡವಿದೆ ಅಪ್ಪಾ. ನಂದು ತಪ್ಪು."

ಭಟ್ಟರು ತಮ್ಮ ತೋಳನ್ನು ಮುಂದೆ ಚಾಚಿ, ಅದರಿಂದ ಜೋತ ಚರ್ಮವನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದರು.

"ನಾನೂ ಉಣ್ಣಬಹುದಿತ್ತು," ಎಂದರು. "ಎಷ್ಟು ಮನ್ಯಾಗ ಜಡ್ಡಿನವರಿಗೆ, ಉಣ್ರಿ, ದೋಷ ಇಲ್ಲ, ಅಂತ ಹೇಳಿ ಬಂದೇನಿ. ನನಗ ನಾ ಹೇಳಿಕೊಳ್ಳಲಿಲ್ಲ. ನಿನಗ್ಯಾಕ ಬೈಲಿ?" ಆಮೇಲೆ ಆ ಹಳೆಯ ದನಿಯನ್ನು ಎಲ್ಲಿಂದಲೋ ಎಳೆದು ತಂದು ಕೂಗಿದರು. "ನರ್ಮದಾ! ಎಣ್ಣಿ ತಗೊಂಬಾರವಾ. ಆರತಿ ತಾಟೂ ತಯಾರ ಮಾಡು. ನನ್ನ ದೀಪಾವಳಿ ಇವತ್ತು."

ಸಂಕ್ರಾಂತಿಯ ದಿನ ದೀಪಾವಳಿಯ ಎಣ್ಣೆ ನೀರು ಯಾವ ಪಂಚಾಂಗದಲ್ಲಿಯೂ ಇಲ್ಲ. ಊರಿಗೆ ಪಂಚಾಂಗ ಹೇಳಿದ ಮನುಷ್ಯನೇ ಕೇಳಿದ ಮೇಲೆ ಎದುರು ಆಡುವವರು ಯಾರು? ತ್ರ್ಯಂಬಕ ತಂದೆಯ ನೆತ್ತಿ, ಬೆನ್ನು, ಒಣಗಿದ ಕಾಲು ಎಲ್ಲಕ್ಕೂ ಎಣ್ಣೆ ಹಚ್ಚಿ ತಿಕ್ಕಿದ. ಹಂಡೆಯ ನೀರೆಲ್ಲ ಮುಗಿಯುವ ತನಕ ಹಾಕಿದ. ಪೂಜೆ ಮುಗಿದು ಎಲೆಯ ಮುಂದೆ ಕೂಡಿಸಿದಾಗ ಭಟ್ಟರು ಐದು ತಿಂಗಳ ಮೇಲೆ ಮೊದಲ ತುತ್ತು ಅನ್ನ ಬಾಯಿಗಿಟ್ಟರು. ನಾಲ್ಕು ತುತ್ತಿಗೇ ಸಾಕಾಯಿತು. ಹೋಳಿಗೆಯಲ್ಲಿ ಒಂದು ಚೂರು ಮುರಿದು ತಿಂದು, ಉಳಿದದ್ದನ್ನು ಮುಚ್ಚಿಡಲು ಹೇಳಿದರು.

ಅಂದಿನಿಂದ ದಿನವೂ ಬೆಳಿಗ್ಗೆ ತ್ರ್ಯಂಬಕ ತಂದೆಯನ್ನು ಎತ್ತಿಕೊಂಡು ಹೋದ. ಉಸುಕಿನ ಚೀಲವನ್ನು ನರ್ಮದಾ ಹಿತ್ತಲಲ್ಲಿ ಸುರಿದು ತುಳಸಿಯ ಬುಡಕ್ಕೆ ಏರಿಸಿದಳು. ಬೈಠಕ್ ಮಾತ್ರ ನಿಲ್ಲಲಿಲ್ಲ, ಎಣಿಸುವವರು ನಿಲ್ಲಿಸಲು ಬಿಡಲಿಲ್ಲ. ಸಂಕ್ರಾಂತಿಯ ಮರುದಿನ ಹುಸೇನಪೀರನಿಗೆ ಎಲ್ಲವನ್ನೂ ಹೇಳಿದಾಗ ಅವನು ತಲೆ ತಗ್ಗಿಸಿ, "ನಾನೂ ಕೇಳಲಿಲ್ಲ ನೋಡ್ರಿ, ಯಾವಾಗಿನ ತೂಕ ಅಂತ," ಎಂದಿದ್ದ.

ಯುಗಾದಿ ಕಳೆದ ಮೇಲೆ ಒಂದು ದಿನ, ಅಂಗಡಿಯಲ್ಲಿ ಕೆಲಸ ಇಳಿದ ಹೊತ್ತಿನಲ್ಲಿ, ಹುಸೇನಪೀರ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತಾ ಕೇಳಿದ.

"ಈಗ ಎಷ್ಟು ಎತ್ತಾಕ ಹತ್ತೀರಿ ಸಾಹೇಬ್ರ?"

ಅರವತ್ತೆಂಟನ್ನು ಎತ್ತಿ ಸಿಳ್ಳು ಹಾಕಿಸಿಕೊಂಡ ಮನುಷ್ಯ ತ್ರ್ಯಂಬಕ. ಅವನ ಮುಖ ಅರಳಿತು.

"ನಲವತ್ತೊಂಬತ್ತು," ಎಂದ. "ಇವತ್ತಿಂದು. ಬೆಳಿಗ್ಗೆ ಎತ್ತಿ ಬಂದೇನಿ."

"ಏರಲಿ ಬಿಡ್ರಿ," ಎಂದ ಹುಸೇನಪೀರ. "ಇನ್ನೂ ಏರಲಿ."